ಆತ್ಮಸಾಕ್ಷಿಗೊಂದು ಸುಗ್ರೀವಾಜ್ಞೆ

ರಾಷ್ಟ್ರಪತಿ ಚುನಾವಣೆ ಬಂದಾಗಲೆಲ್ಲ 1969ರ ಕತೆಯನ್ನು ಯಾರಾದರೂ ಹೇಳಿಯೇ ಹೇಳ್ತಾರೆ. ಕತೆ ಎರಡು ಥರ ಇದೆ. ಇಂದಿರಾ ಅಭಿಮಾನಿಗಳ ಪ್ರಕಾರ, ಬಡವರ ಪರ ನಿಂತ ಪ್ರಧಾನಿ ಬ್ಯಾಂಕುಗಳನ್ನು ಸಾಹುಕಾರರ ಕೈಯಿಂದ ಬಿಡಿಸಿದರು, ಅಡ್ಡ ಬಂದ ಮುದುಕರನ್ನು ಶಾಸಕರ ಆತ್ಮಸಾಕ್ಷಿ ಸೋಲಿಸಿತು. ನಿಜಲಿಂಗಪ್ಪನವರ ಅಭಿಮಾನಿಗಳ ಪ್ರಕಾರ (ನಮ್ಮ ಕಡೆ ಇವರೇ ಜಾಸ್ತಿ), ಒಬ್ಬ ಸಜ್ಜನನಿಗೆ ದೆಹಲಿಯಲ್ಲಿ ಮೋಸವಾಯಿತು. ನನಗೆ ಎರಡರ ಮೇಲೂ ತಕರಾರಿದೆ. ಆಗ ಜನರ ಕಷ್ಟ ನಿಜವಾಗಿತ್ತು, ಪಕ್ಷದ ಜಗಳವೂ ನಿಜವಾಗಿತ್ತು. ಆದರೆ ಎರಡೂ ಬಣದವರು ತಮ್ಮ ಮನೆಜಗಳ ತೀರಿಸಿಕೊಳ್ಳೋಕೆ ರಾಷ್ಟ್ರಪತಿ ಹುದ್ದೆಯನ್ನೇ ಅಖಾಡ ಮಾಡಿಕೊಂಡರು. ಅದರ ಬೆಲೆಯನ್ನು ನಾವು ಇನ್ನೂ ಕೊಡ್ತಾ ಇದ್ದೇವೆ.

ಮೊದಲು ಕಷ್ಟದ ಮಾತು. 1965, 1966 ಎರಡೂ ವರ್ಷ ಮಳೆ ಕೈಕೊಟ್ಟಿತ್ತು. ಅಮೆರಿಕದ ಗೋಧಿ ಹಡಗಿಗೆ ದೇಶ ಕಾದು ಕೂತಿತ್ತು. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದರು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರ್ ಒಂದೇ ದಿನಕ್ಕೆ ಏಳೂವರೆ ರೂಪಾಯಿ ಆಯಿತು. ಪಂಚವಾರ್ಷಿಕ ಯೋಜನೆಗೇ ಮೂರು ವರ್ಷ ರಜೆ ಕೊಟ್ಟರು. 1967ರ ಚುನಾವಣೆಯಲ್ಲಿ ಜನ ಬರೆ ಎಳೆದರು. ಲೋಕಸಭೆಯಲ್ಲಿ ಕಾಂಗ್ರೆಸ್ 283ಕ್ಕೆ ಇಳಿಯಿತು, ಹಲವು ರಾಜ್ಯಗಳಲ್ಲಿ ಅಧಿಕಾರವೇ ಹೋಯಿತು. ಆ ಕಾಲದಲ್ಲಿ ಬ್ಯಾಂಕುಗಳು ಕೊಡುತ್ತಿದ್ದ ಸಾಲದಲ್ಲಿ ಕೃಷಿಯ ಪಾಲು ನೂರಕ್ಕೆ ಸುಮಾರು ಎರಡು. ಹಾಗಾಗಿ ಬ್ಯಾಂಕಿನ ದುಡ್ಡು ಯಾರಿಗೆ ಅನ್ನೋ ಪ್ರಶ್ನೆಯನ್ನು ಇಂದಿರಾ ಹುಟ್ಟುಹಾಕಿದ್ದಲ್ಲ. ಅದು ಆಗಲೇ ಬೀದಿಯಲ್ಲಿತ್ತು.

ಈಗ ಜಗಳದ ಮಾತು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಜುಲೈನಲ್ಲಿ ಎಐಸಿಸಿ ಅಧಿವೇಶನ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪ. ಇಂದಿರಾ ಆರ್ಥಿಕ ನೀತಿಯ ಬಗ್ಗೆ ಒಂದು ಟಿಪ್ಪಣಿಯನ್ನು ಫಕ್ರುದ್ದೀನ್ ಅಲಿ ಅಹಮದ್ ಕೈಯಲ್ಲಿ ಕಳಿಸಿದರು. ದೊಡ್ಡ ಐದಾರು ಬ್ಯಾಂಕುಗಳನ್ನು ರಾಷ್ಟ್ರೀಕರಿಸಬಹುದು, ಇಲ್ಲವೇ ಬ್ಯಾಂಕುಗಳ ಹಣದ ಹೆಚ್ಚಿನ ಪಾಲು ಸಾರ್ವಜನಿಕ ಕೆಲಸಕ್ಕೆ ಹೋಗುವಂತೆ ನಿರ್ದೇಶನ ಕೊಡಬಹುದು ಅಂತ ಅದರಲ್ಲಿತ್ತು. ಗಮನಿಸಿ, 'ಇಲ್ಲವೇ' ಅಂತಿತ್ತು. ಅಧಿವೇಶನ ಆ ಟಿಪ್ಪಣಿಯನ್ನು ಒಪ್ಪಿಕೊಂಡಿತು. ಅಂದರೆ ಆರ್ಥಿಕ ನೀತಿಯ ಮೇಲೆ ಪಕ್ಷ ಬೆಂಗಳೂರಿನಲ್ಲಿ ಒಡೆಯಲಿಲ್ಲ. ಒಡೆದದ್ದು ಒಂದು ಹೆಸರಿನ ಮೇಲೆ. ಜುಲೈ 12ರಂದು ಸಂಸದೀಯ ಮಂಡಳಿಯಲ್ಲಿ ರಾಷ್ಟ್ರಪತಿ ಅಭ್ಯರ್ಥಿಗಾಗಿ ಮತ ಬಿತ್ತು. ನೀಲಂ ಸಂಜೀವ ರೆಡ್ಡಿಗೆ ನಾಲ್ಕು, ಪ್ರಧಾನಿ ಸೂಚಿಸಿದ ಜಗಜೀವನ ರಾಂಗೆ ಎರಡು. ಆ ಎರಡು ಮತ ಇಂದಿರಾ ಮತ್ತು ಫಕ್ರುದ್ದೀನ್ ಅವರದು.

ಆಮೇಲೆ ಏನಾಯಿತು, ತಾರೀಖು ಹಿಡಿದು ನೋಡಿ. ಜುಲೈ 16ಕ್ಕೆ ಮೊರಾರ್ಜಿ ದೇಸಾಯಿ ಕೈಯಿಂದ ಹಣಕಾಸು ಖಾತೆ ಹೋಯಿತು, ಅವರು ಸಂಪುಟದಿಂದಲೇ ಹೊರನಡೆದರು. ಜುಲೈ 19ಕ್ಕೆ ಸುಗ್ರೀವಾಜ್ಞೆ ಬಂತು. ಐದಾರು ಬ್ಯಾಂಕು ಅಂದದ್ದು ಅಷ್ಟರಲ್ಲಿ 14 ಆಗಿತ್ತು. ಸಂಸತ್ತು ಸೇರಬೇಕಿದ್ದದ್ದು ಜುಲೈ 21ಕ್ಕೆ! ಎರಡು ದಿನ ತಡೆಯೋಕೆ ಏನಾಗಿತ್ತು? ಜುಲೈ 20ಕ್ಕೆ ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ಸುಗ್ರೀವಾಜ್ಞೆಗೆ ಸಹಿ ಹಾಕಿದ ಹಂಗಾಮಿ ರಾಷ್ಟ್ರಪತಿಯೂ ಅವರೇ. ತಾನು ನಿಲ್ಲುವುದಾಗಿ ಅವರು ಅಷ್ಟರೊಳಗೆ ಘೋಷಿಸಿಯೂ ಆಗಿತ್ತು. ಚುನಾವಣೆಗೆ ನಿಂತವರು, ತಮ್ಮದೇ ಚುನಾವಣೆಯ ಅತಿ ದೊಡ್ಡ ವಿಷಯವಾಗಲಿದ್ದ ಕಾಗದಕ್ಕೆ, ಕುರ್ಚಿ ಬಿಡುವ ಮುನ್ನಾದಿನ ಸಹಿ ಹಾಕಿದರು. ಪಂಚಾಯ್ತಿ ಚುನಾವಣೆಯಲ್ಲಿ ಇಂಥದ್ದು ನಡೆದರೆ ನಾವು ಸುಮ್ಮನಿರ್ತೀವಾ?

ಬ್ಯಾಂಕಿನ ವಿಷಯ ಗುಟ್ಟಾಗಿರಬೇಕು, ಇಲ್ಲದಿದ್ದರೆ ದುಡ್ಡು ಜಾಗ ಬದಲಾಯಿಸುತ್ತೆ, ಅದಕ್ಕೇ ಆತುರ ಅಂತ ಕೆಲವರು ಸಮರ್ಥಿಸ್ತಾರೆ. ಬೆಂಗಳೂರಿನ ಟಿಪ್ಪಣಿ ಹೊರಬಿದ್ದ ಮೇಲೆ, ಮೊರಾರ್ಜಿ ಹೋದ ಮೇಲೆ, ಯಾವ ಗುಟ್ಟು ಸ್ವಾಮಿ? ಸಂಸತ್ತಿನಲ್ಲಿ ಬೆಂಬಲ ಇರಲಿಲ್ಲವೇ ಅಂದರೆ, ಇತ್ತು. ಕಾಯ್ದೆ ಆಗಸ್ಟಿನಲ್ಲೇ ಪಾಸಾಯಿತು. ಆತುರ ರೈತನದ್ದಾಗಿರಲಿಲ್ಲ. ಅವನು ಇಪ್ಪತ್ತು ವರ್ಷ ಕಾದಿದ್ದ, ಇನ್ನು ಮೂರು ವಾರ ಕಾಯುತ್ತಿದ್ದ. ಆತುರ ಇದ್ದದ್ದು ಆಗಸ್ಟ್ 16ರ ಮತದಾನಕ್ಕೆ.

ಈ ಮತದಾನದಲ್ಲಿ ನೀವು ನಾನು ಇರೋದಿಲ್ಲ ಅನ್ನೋದನ್ನ ನೆನಪಿಡಬೇಕು. ಸಂಸದರು, ಶಾಸಕರು ಮಾತ್ರ ಮತದಾರರು. ಜನರ ಹಸಿವು ಆ ಮತಪೆಟ್ಟಿಗೆಗೆ ನೇರವಾಗಿ ತಲುಪೋದಿಲ್ಲ. ಯಾರೋ ಅದನ್ನು ಹೊತ್ತು ತರಬೇಕು. 1969ರಲ್ಲಿ ಹೊತ್ತು ತಂದದ್ದು ಬ್ಯಾಂಕ್ ರಾಷ್ಟ್ರೀಕರಣ. ಪ್ರಧಾನಿ ಮನೆ ಮುಂದೆ ದಿನಾ ಮೆರವಣಿಗೆ. ಕಾಂಗ್ರೆಸ್ ಶಾಸಕನಿಗೆ ರೆಡ್ಡಿ ಪರ ಮತ ಹಾಕೋದು ಅಂದರೆ ಸಾಹುಕಾರರ ಪರ ಹಾಕೋದು ಅನ್ನಿಸುವಂತಾಯಿತು. ರೆಡ್ಡಿ ಬ್ಯಾಂಕ್ ಮಾಲೀಕರಲ್ಲ, ಆಂಧ್ರದ ಮುಖ್ಯಮಂತ್ರಿಯಾಗಿದ್ದ, ಲೋಕಸಭೆಯ ಸ್ಪೀಕರ್ ಆಗಿದ್ದ ಮನುಷ್ಯ. ಅವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದವರು ಸ್ವತಃ ಇಂದಿರಾ! ಹಾಗೆ ಸಹಿ ಹಾಕಿದವರ ಕಡೆಯಿಂದಲೇ ಕೊನೆಗೆ 'ಆತ್ಮಸಾಕ್ಷಿಯ ಮತ' ಅನ್ನೋ ಮಾತು ಬಂತು.

ನಿಜಲಿಂಗಪ್ಪನವರ ಬಣ ಸಾಚಾ ಅಂತ ನಾನು ಹೇಳೋದಿಲ್ಲ. ರೆಡ್ಡಿಯನ್ನು ಅವರು ಆರಿಸಿದ್ದು ರಾಷ್ಟ್ರಪತಿ ಭವನಕ್ಕೆ ಶೋಭೆ ಬರಲಿ ಅಂತಲ್ಲ, ಪ್ರಧಾನಿಯ ಮೂಗಿಗೆ ಒಂದು ದಾರ ಇರಲಿ ಅಂತ. ಎರಡನೇ ಪ್ರಾಶಸ್ತ್ಯದ ಮತ ಕೇಳೋಕೆ ನಿಜಲಿಂಗಪ್ಪ ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರ ಬಳಿ ಹೋದರು. ಎದುರಾಳಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿರಲಿಲ್ಲ. ಅತ್ತ ಗಿರಿ ಪರ ಎರಡೂ ಕಮ್ಯುನಿಸ್ಟ್ ಪಕ್ಷ, ಡಿಎಂಕೆ, ಅಕಾಲಿ ದಳ ನಿಂತವು. ಕಾಂಗ್ರೆಸ್ಸಿನ ಮನೆಜಗಳದಲ್ಲಿ ಎರಡೂ ಕಡೆಯವರು ನೆರೆಮನೆಯವರನ್ನು ಕರೆದು ಕೂರಿಸಿಕೊಂಡಿದ್ದರು.

ಕಣದಲ್ಲಿ ಮೂರನೆಯವರೊಬ್ಬರಿದ್ದರು, ಸಿ.ಡಿ. ದೇಶಮುಖ್. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ನೆಹರೂ ಸಂಪುಟದ ಹಣಕಾಸು ಸಚಿವ. 1954ರಲ್ಲಿ ಬ್ಯಾಂಕ್ ನೌಕರರ ಸಂಬಳದ ಬಗ್ಗೆ ನ್ಯಾಯಮಂಡಳಿ ಕೊಟ್ಟ ತೀರ್ಪನ್ನು ಸರ್ಕಾರ ತಿದ್ದಿದಾಗ, ಅದನ್ನು ಪ್ರತಿಭಟಿಸಿ ಕಾರ್ಮಿಕ ಸಚಿವರೊಬ್ಬರು ರಾಜೀನಾಮೆ ಕೊಟ್ಟಿದ್ದರು. ಆಗ ಹಣಕಾಸು ಸಚಿವರು ದೇಶಮುಖ್, ರಾಜೀನಾಮೆ ಕೊಟ್ಟವರು ಇದೇ ಗಿರಿ. ಹದಿನೈದು ವರ್ಷದ ಮೇಲೆ ಇಬ್ಬರೂ ಒಂದೇ ಕುರ್ಚಿಗೆ ನಿಂತರು, ವಿಷಯವೂ ಬ್ಯಾಂಕೇ. ಬ್ಯಾಂಕಿನ ದುಡ್ಡು ಮತ್ತು ದುಡಿಮೆ ಎರಡನ್ನೂ ಬಲ್ಲ ಇಬ್ಬರು ಎದುರುಬದುರು. ಎಂಥ ಚರ್ಚೆ ನಡೆಯಬಹುದಿತ್ತು! ನಡೆದದ್ದು ಯಾರು ಯಾವ ಬಣ ಅನ್ನೋ ಲೆಕ್ಕ ಮಾತ್ರ.

ಆಗಸ್ಟ್ 20ಕ್ಕೆ ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖರಿಗೆ 1,12,769. ಯಾರಿಗೂ ಬಹುಮತವಿಲ್ಲ. ಎರಡನೇ ಪ್ರಾಶಸ್ತ್ಯ ಸೇರಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಇವು ಮತಗಳ ಮೌಲ್ಯದ ಲೆಕ್ಕ, ತಲೆ ಲೆಕ್ಕವಲ್ಲ. ನಿಜಲಿಂಗಪ್ಪ ಕೇಳಿದ ಎರಡನೇ ಪ್ರಾಶಸ್ತ್ಯ ಅವರಿಗೆ ಸಿಕ್ಕಿತು, ಗೆಲುವು ಮಾತ್ರ ಸಿಗಲಿಲ್ಲ. ಅಂತರ 14,650. ಬ್ಯಾಂಕಿನ ವಿಷಯ ಇಲ್ಲದಿದ್ದರೆ ಇಷ್ಟು ಸಣ್ಣ ಅಂತರ ದಾಟುವುದು ಗಿರಿಯಿಂದ ಆಗುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ನಮ್ಮ ಕರಾವಳಿಯವರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಆ 14ರಲ್ಲಿ ಕೆನರಾ ಬ್ಯಾಂಕೂ ಇತ್ತು, ಸಿಂಡಿಕೇಟ್ ಬ್ಯಾಂಕೂ ಇತ್ತು. ಪಿಗ್ಮಿ ಠೇವಣಿ ಅಂತ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಹೋಗಿ ಕಟ್ಟಿಸಿಕೊಳ್ಳುವ ಪದ್ಧತಿಯನ್ನು 1928ರಲ್ಲೇ ಶುರು ಮಾಡಿದ ಬ್ಯಾಂಕು ಅದು. ಬಿರ್ಲಾಗಳ ಯುನೈಟೆಡ್ ಕಮರ್ಷಿಯಲ್ ಬ್ಯಾಂಕು, ಉಡುಪಿಯ ಪಿಗ್ಮಿ ಬ್ಯಾಂಕು ಎರಡಕ್ಕೂ ಒಂದೇ ಅಳತೆಗೋಲು: ಠೇವಣಿ 50 ಕೋಟಿ ದಾಟಿದೆಯಾ ಇಲ್ಲವಾ. ಯಾರಿಗೆ ಸಾಲ ಕೊಟ್ಟಿದ್ದೀರಿ ಅಂತ ಕೇಳಲಿಲ್ಲ. ಬ್ಯಾಂಕುಗಳ ಮೇಲೆ ಸಾಮಾಜಿಕ ನಿಯಂತ್ರಣ ತರುವ ಕಾಯ್ದೆ ಜಾರಿಯಾಗಿ ಆರು ತಿಂಗಳೂ ಆಗಿರಲಿಲ್ಲ, ಅದರ ಫಲ ಏನು ಅಂತ ನೋಡಲೂ ಇಲ್ಲ. ಕಾಂಗ್ರೆಸ್ಸಿನ ಹಿರಿಯರ ಗುಂಪಿಗೂ ಪತ್ರಿಕೆಗಳು 'ಸಿಂಡಿಕೇಟ್' ಅಂತಲೇ ಹೆಸರಿಟ್ಟಿದ್ದವು. ಒಂದು ಸಿಂಡಿಕೇಟನ್ನು ಹೊಡೆಯೋಕೆ ಹೋಗಿ ಇನ್ನೊಂದನ್ನೂ ಸೇರಿಸಿ ಹೊಡೆದರು.

ರಾಷ್ಟ್ರೀಕರಣದಿಂದ ಒಳ್ಳೆಯದೇ ಆಗಲಿಲ್ಲವೇ ಅಂದರೆ, ಆಯಿತು. ದೇಶದಲ್ಲಿ ಎಂಟು ಸಾವಿರ ಚಿಲ್ಲರೆ ಇದ್ದ ಬ್ಯಾಂಕ್ ಶಾಖೆಗಳು ಎರಡು ದಶಕದಲ್ಲಿ ಸುಮಾರು 60 ಸಾವಿರವಾದವು. ಬ್ಯಾಂಕಿನ ಮೆಟ್ಟಿಲು ಕಾಣದಿದ್ದ ಹಳ್ಳಿಗಳಿಗೆ ಬ್ಯಾಂಕು ಬಂತು. ಅದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಆ ಒಳ್ಳೆಯದಕ್ಕೆ ಮೂರು ವಾರದ ಸಂಸತ್ ಚರ್ಚೆ ಸಾಕಿತ್ತು, ರಾಷ್ಟ್ರಪತಿ ಚುನಾವಣೆ ಬೇಕಿರಲಿಲ್ಲ. ಫಲ ಚೆನ್ನಾಗಿದೆ ಅಂತ ದಾರಿಯನ್ನು ಕ್ಷಮಿಸುವವರು, ಆ ದಾರಿಯಲ್ಲಿ ಮುಂದೆ ಯಾರು ನಡೆದರು ಅಂತಲೂ ನೋಡಬೇಕು.

ಬೆಂಗಳೂರಿನಲ್ಲಿ ಪ್ರಧಾನಿಯ ಜೊತೆ ಮತ ಹಾಕಿದ ಫಕ್ರುದ್ದೀನ್ ಅಲಿ ಅಹಮದ್ 1974ರಲ್ಲಿ ರಾಷ್ಟ್ರಪತಿಯಾದರು. 1975ರ ಜೂನ್ 25ರ ರಾತ್ರಿ, ಸಂಪುಟ ಇನ್ನೂ ಸೇರದಿದ್ದರೂ, ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದವರು ಅವರೇ. ಇದು ಕಾಕತಾಳೀಯ ಅಂತ ನನಗನ್ನಿಸೋದಿಲ್ಲ. ರಾಷ್ಟ್ರಪತಿ ಅಂದರೆ ನಮ್ಮ ಬಣದವರಾಗಿರಬೇಕು ಅನ್ನೋ ಪಾಠವನ್ನು ಅಧಿಕಾರ ಕಲಿತದ್ದು 1969ರಲ್ಲಿ. ಆ ವರ್ಷ ನವೆಂಬರಿನಲ್ಲಿ ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು, ಪಕ್ಷ ಎರಡಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ಅವರ ಸ್ವಂತ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿನ ಪಾಲಾಯಿತು. ಸೋತ ರೆಡ್ಡಿ 1977ರಲ್ಲಿ ಅವಿರೋಧವಾಗಿ ಅದೇ ಭವನ ಸೇರಿದರು, ಅದೂ ಕಾಂಗ್ರೆಸ್ ಸೋತ ಮೇಲೆ.

ಇಷ್ಟೆಲ್ಲ ಕಂಡು ಪಕ್ಷಗಳು ಕಲಿತದ್ದೇನು? ಒಳಜಗಳ ಕೆಟ್ಟದ್ದು, ಆದ್ದರಿಂದ ಮತವೇ ಬೇಡ ಅಂತ. ನನ್ನ ಪ್ರಕಾರ ಇದು ತಲೆಕೆಳಗಾದ ಪಾಠ. ಬೆಂಗಳೂರಿನಲ್ಲಿ ನಾಲ್ಕು-ಎರಡು ಅಂತ ಮತ ಬಿದ್ದದ್ದು ಆ ಇಡೀ ಪ್ರಕರಣದ ಅತ್ಯಂತ ಆರೋಗ್ಯಕರ ಗಳಿಗೆ. ಪ್ರಧಾನಿ ತಮ್ಮದೇ ಪಕ್ಷದಲ್ಲಿ ಸೋಲಬಹುದು ಅನ್ನೋದು ಅವತ್ತು ಸಾಧ್ಯವಿತ್ತು. ಕೆಟ್ಟದ್ದು ಆಮೇಲೆ ನಡೆದದ್ದು, ಆ ಸೋಲನ್ನು ಸುಗ್ರೀವಾಜ್ಞೆಯಿಂದ ತೊಳೆಯಹೊರಟದ್ದು. ಈಗ ಯಾವ ಪಕ್ಷದಲ್ಲಿ ರಾಷ್ಟ್ರಪತಿ ಅಭ್ಯರ್ಥಿಗೆ ಮತ ಬೀಳುತ್ತೆ ಹೇಳಿ? ಮೇಲಿನಿಂದ ಹೆಸರು ಬರುತ್ತೆ, ಕೆಳಗಿನವರು ಸಿಹಿ ಹಂಚ್ತಾರೆ. ರಾಷ್ಟ್ರಪತಿ ಚುನಾವಣೆಗೆ ವಿಪ್ ಇಲ್ಲ, ಪಕ್ಷಾಂತರ ಕಾಯ್ದೆಯೂ ಅಲ್ಲಿಗೆ ಅನ್ವಯಿಸೋದಿಲ್ಲ. ಆತ್ಮಸಾಕ್ಷಿಯಂತೆ ಮತ ಹಾಕೋದಕ್ಕೆ ಯಾವ ಪ್ರಧಾನಿಯ ಅಪ್ಪಣೆಯೂ ಬೇಕಿಲ್ಲ, ಕಾನೂನೇ ಬಿಟ್ಟುಕೊಟ್ಟಿದೆ.

ಹಾಗಾಗಿ ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ಒಂದು ಪ್ರಶ್ನೆ ಕೇಳಿ. ರಾಷ್ಟ್ರಪತಿಗೆ ನೀವು ಹಾಕಿದ ಮತದ ಮೌಲ್ಯ ನಮ್ಮ ತಲೆ ಎಣಿಸಿ ಲೆಕ್ಕ ಹಾಕಿದ್ದು, ಅದನ್ನು ಯಾರಿಗೆ, ಯಾಕೆ ಕೊಟ್ಟಿರಿ? ಗುಪ್ತ ಮತದಾನ ಅಂತ ಅವರು ನುಣುಚಿಕೊಳ್ಳಬಹುದು. 'ಯಾರಿಗೆ' ಬಿಟ್ಟುಬಿಡಿ. 'ಯಾಕೆ' ಅಂತಲಾದರೂ ಹೇಳಲಿ.