ಟಿಕೆಟ್ ತೆಗೆಯುವ ಮೊದಲು ಸಿ.ವಿ. ಓದಿಸಿ

ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯ ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರಿನಲ್ಲಿರುವ ನಮ್ಮ ಮಕ್ಕಳ ಸಿ.ವಿ.ಗಳು ವಾಟ್ಸಾಪಿನಲ್ಲಿ ಇಲ್ಲಿಗೆ ಬರುತ್ತಲೇ ಇರುತ್ತವೆ. ಜೊತೆಗೆ ಒಂದು ಸಾಲು: "ಕಾಕ, ಎಲ್ಲಿಯಾದರೂ ಕೊಡಿ." ಕಾಕ ದೇರಾದಲ್ಲಿ ಅಂಗಡಿ ನೋಡಿಕೊಳ್ಳುವವರು, ಇಲ್ಲವೇ ಮುಸಫ್ಫದಲ್ಲಿ ಗಾಡಿ ಓಡಿಸುವವರು. ತೆರೆದು ನೋಡಲು ಪುರುಸೊತ್ತಿಲ್ಲ, ಹತ್ತು ಜನರಿಗೆ ಫಾರ್ವರ್ಡ್ ಮಾಡುತ್ತಾರೆ. ಆ ಹತ್ತು ಜನ ಇನ್ನೂ ಹತ್ತು ಜನರಿಗೆ. ಪ್ರೀತಿಗೆ ಕಡಿಮೆಯಿಲ್ಲ, ಆದರೆ ಅದನ್ನು ಓದಿದವರು ಯಾರೂ ಇಲ್ಲ.

ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ನನ್ನಂಥವರ ಮೇಜಿಗೆ ಇವು ಕೊನೆಗೆ ಬಂದು ತಲುಪುತ್ತವೆ. ಕವರಿಂಗ್ ಲೆಟರಿನಲ್ಲಿ ಬೇರೆ ಕಂಪೆನಿಯ ಹೆಸರು ಹಾಗೆಯೇ ಉಳಿದಿರುತ್ತದೆ. +971ರ ನಂತರವೂ ಸೊನ್ನೆ ಇರುತ್ತದೆ. ರಿಸಲ್ಟ್ ಬಾರದಿದ್ದರೂ 'ಬಿ.ಕಾಂ. ಪಾಸ್' ಎಂದಿರುತ್ತದೆ. ಇಂಥದ್ದನ್ನು ಕಾಲೇಜಿನ ಇಂಗ್ಲಿಷ್ ಮೇಷ್ಟ್ರೇ ಹತ್ತು ನಿಮಿಷದಲ್ಲಿ ತಿದ್ದಿ ಕೊಡಬಹುದು. ಕೇಳಲು ನಾಚಿಕೆ ಬೇಡ, ಮೊದಲು ಅವರಿಗೇ ತೋರಿಸಿ.

ಹೆಸರಿನ ವಿಷಯ ಮಾತ್ರ ಸ್ವಲ್ಪ ದೊಡ್ಡದು. ಸಿ.ವಿ.ಯಲ್ಲಿ ಮುಹಮ್ಮದ್, ಮಾರ್ಕ್ಸ್ ಕಾರ್ಡಿನಲ್ಲಿ ಮೊಹಮ್ಮದ್, ಪಾಸ್‌ಪೋರ್ಟಿನಲ್ಲಿ ಬರೀ ಮೊಹದ್. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂಬ ನಿಯಮ 2022ರ ನವೆಂಬರ್ 21ರಿಂದ ಬಂತು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗುತ್ತದೆ ಎಂದು ಸಡಿಲಿಸಿದರು. ಮೂರೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರೆ ಊರಲ್ಲೇ ಗೊತ್ತಾಗುತ್ತದೆ. ಇಲ್ಲಿ ಬಂದ ಮೇಲೆ ವಿಸಿಟ್ ವೀಸಾದ 30 ಅಥವಾ 60 ದಿನ ಇದರಲ್ಲೇ ಕರಗುತ್ತದೆ. ಆ ದಿನಗಳ ಖರ್ಚಿಗೆ ಎಷ್ಟೋ ಮನೆಗಳಲ್ಲಿ ಉಮ್ಮನ ಚಿನ್ನ ಅಡವಿಗೆ ಹೋಗಿರುತ್ತದೆ.

ಕಾಗುಣಿತ ಸರಿಮಾಡಿದರೆ ಅರ್ಧ ಕೆಲಸ ಅಷ್ಟೇ. ಉಳಿದರ್ಧ, ಹುಡುಗನನ್ನು ಕೂರಿಸಿ ಕೇಳುವುದು. ಸಂಜೆ ಹೊತ್ತು ಬಂದರಿನ ಮಂಡಿಯಲ್ಲಿ ಎರಡು ವರ್ಷ ಬಿಲ್ಲು ಬರೆದು, ಟ್ಯಾಲಿಯಲ್ಲಿ ಎಂಟ್ರಿ ಹಾಕಿದವನು ಅದನ್ನು ಸಿ.ವಿ.ಯಲ್ಲಿ ಹಾಕುವುದೇ ಇಲ್ಲ. "ಅದು ಮಾವನ ಅಂಗಡಿ ಅಲ್ವಾ?" ಎನ್ನುತ್ತಾನೆ. ಅದೇ ಅವನ ಅನುಭವ, ಅದನ್ನೇ ಮೇಲೆ ಬರೆಯಬೇಕು. ಜಿಎಸ್‌ಟಿ ಗೊತ್ತು ಎಂದು ಬರೆದವನಿಗೆ ಇಲ್ಲಿನ ತೆರಿಗೆ ಗೊತ್ತೇ ಎಂದೂ ಕೇಳಬೇಕು. ಇಲ್ಲಿ 2018ರ ಜನವರಿ 1ರಿಂದ ಶೇ. 5 ವ್ಯಾಟ್ ಇದೆ. 2023ರ ಜೂನ್ 1ರಿಂದೀಚೆಗೆ ಶುರುವಾದ ಲೆಕ್ಕ ವರ್ಷಗಳಿಗೆ, 3,75,000 ದಿರ್ಹಂ ಮೀರಿದ ಲಾಭದ ಮೇಲೆ ಶೇ. 9 ಕಾರ್ಪೊರೇಟ್ ತೆರಿಗೆಯೂ ಇದೆ. ಇಷ್ಟನ್ನು ಓದಿಕೊಂಡು ಬಂದವನ ಕವರಿಂಗ್ ಲೆಟರಿನಲ್ಲಿ ಬರೆಯಲು ಏನಾದರೂ ಇರುತ್ತದೆ. ಕೆಲಸ ಗೊತ್ತಿದ್ದವರು ಓದಬೇಕು ಎನ್ನುವುದು ಇದಕ್ಕೇ.

ತಿದ್ದುವವರಿಗೂ ಒಂದು ಗೆರೆ ಬೇಕು. ಇಲ್ಲದ ಎರಡು ವರ್ಷದ 'ಗಲ್ಫ್ ಅನುಭವ' ಸೇರಿಸಿ ಕೊಡುವುದು ಸಹಾಯವಲ್ಲ. ಮದ್ರಸದಲ್ಲಿ ಕಲಿತ ಮಕ್ಕಳಿಗೆ ಅರಬಿ ಓದಲು ಬರುತ್ತದೆ. ಮಾತು ಬರುತ್ತದೆ ಎಂದು ಬರೆದರೆ ಮಿಸ್ರಿ ಮ್ಯಾನೇಜರ್ ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾನೆ. 'ಓದು ಬರುತ್ತದೆ' ಎಂದೇ ಬರೆಯಿರಿ. ಬ್ಯಾರಿ, ತುಳು, ಕನ್ನಡ, ಮಲಯಾಳ, ಹಿಂದಿ ಬರುವುದನ್ನು ಯಾಕೆ ಬಿಡುತ್ತಾರೋ ಗೊತ್ತಿಲ್ಲ. ಇಲ್ಲಿನ ಕೌಂಟರಿನಲ್ಲಿ ಅವೆಲ್ಲ ದುಡಿಯುವ ಭಾಷೆಗಳೇ.

ಸಿ.ವಿ. ತಿದ್ದಿ ಕೆಲಸವನ್ನೂ ಗ್ಯಾರಂಟಿ ಕೊಡುತ್ತೇವೆ ಎಂದು ದುಡ್ಡು ಕೇಳುವವರು ಸಿಗುತ್ತಾರೆ. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಇಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಮಾಲಕ ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಕೊಡಬೇಡಿ.

ಆಫೀಸಿನಲ್ಲಿ ಕೂರುವ ಸದಸ್ಯರಲ್ಲಿ ಒಂದು ಮಾತು. ರಜೆಯ ದಿನ ಅರ್ಧ ಗಂಟೆ ಕೊಡಿ, ತಿಂಗಳಿಗೆ ಎರಡು ಸಿ.ವಿ. ಸಾಕು. ಹೆಣ್ಣುಮಕ್ಕಳ ಸಿ.ವಿ. ನಾಲ್ಕಾರು ಗ್ರೂಪುಗಳಲ್ಲಿ ಸುತ್ತುವುದು ಮನೆಯವರಿಗೆ ಇಷ್ಟವಿರುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಅವನ್ನು ಇಲ್ಲಿ ಕೆಲಸದಲ್ಲಿರುವ ನಮ್ಮ ಸಹೋದರಿಯರು ಓದಲಿ. ತಪ್ಪುಗಳಿಗೆ ಗುರುತು ಹಾಕಿ ವಾಪಸು ಕಳಿಸಿ, ನೀವೇ ಬರೆದು ಕೊಡಬೇಡಿ. ಇಂಟರ್‌ವ್ಯೂನಲ್ಲಿ ಉತ್ತರ ಕೊಡಬೇಕಾದವರು ಅವರು.

ವಿದ್ಯಾರ್ಥಿಗಳು ಒಂದೇ ಪುಟದಲ್ಲಿ ತಾವೇ ಬರೆದ ಸಿ.ವಿ.ಯನ್ನು, ಪೇಪರಿನ ಫೋಟೋ ತೆಗೆಯದೆ, ವರ್ಡ್ ಫೈಲಿನಲ್ಲೇ ಕಳಿಸಲಿ. ಯಾವ ಕೆಲಸಕ್ಕೆ ಎಂದೂ ಬರೆಯಲಿ. ಪಾಸ್‌ಪೋರ್ಟ್ ನಂಬರು ಹಾಕುವುದು ಬೇಡ. ಕೊನೆಯ ಪರೀಕ್ಷೆಗೆ ಎರಡು ತಿಂಗಳು ಇರುವಾಗಲೇ ಬಂದರೆ ಎರಡು ಸಲ ತಿದ್ದಲು ಸಮಯ ಸಿಗುತ್ತದೆ.