ಉಳಿದ ಡಬ್ಬಿ ಹಾಲು: ಚೆಲ್ಲಿ ಎಂದರಷ್ಟೇ ಸಾಲದು

ಎದೆಹಾಲು ಸಾಲದೆ ಅಥವಾ ಸಿಗದೆ ಡಬ್ಬಿ ಹಾಲನ್ನು ನೆಚ್ಚಿಕೊಂಡ ಮನೆಗಳಲ್ಲಿ ದಿನಕ್ಕೆ ಏಳೆಂಟು ಸಲ ಒಂದೇ ಪ್ರಶ್ನೆ ಎದುರಾಗುತ್ತದೆ. ಮಗು ಅರ್ಧ ಕುಡಿದು ನಿದ್ದೆ ಹೋಯಿತು, ಬಾಟಲಿಯಲ್ಲಿ ಇನ್ನರ್ಧ ಹಾಗೇ ಇದೆ. ಎದ್ದ ಮೇಲೆ ಅದನ್ನೇ ಕುಡಿಸಬಹುದೇ? ಬಿಸಿ ಮಾಡಿದರೆ ಸಾಕೇ? ಫ್ರಿಜ್ಜಿನಲ್ಲಿಟ್ಟರೆ ಹೇಗೆ? ವೈದ್ಯಶಾಸ್ತ್ರದ ಉತ್ತರ ನೇರವಾಗಿದೆ: ಮಗು ಬಾಯಿಟ್ಟು ಕುಡಿದು ಉಳಿಸಿದ ಹಾಲನ್ನು ಚೆಲ್ಲಬೇಕು. ಈ ಮಾತನ್ನು ತಾಯಿಗೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಚೆಲ್ಲಲು ಆಕೆಯ ಕೈ ಏಕೆ ಹಿಂಜರಿಯುತ್ತದೆ, ಹಾಲು ಉಳಿಯದಂತೆ ಕಲಸುವುದನ್ನು ಆಕೆಗೆ ಯಾರು ಕಲಿಸಬೇಕು ಎಂಬ ಪ್ರಶ್ನೆಗಳನ್ನು ನಮ್ಮ ಆರೋಗ್ಯ ವ್ಯವಸ್ಥೆ ಗಂಭೀರವಾಗಿ ಕೇಳಿಕೊಂಡಿಲ್ಲ.

ಮೊದಲು ಅಪಾಯ ಎಲ್ಲಿದೆ ಎಂಬುದನ್ನು ನೋಡೋಣ. ಹೊಸ ಡಬ್ಬಿಯ ಮುಚ್ಚಳ ತೆರೆದಾಗ ಕಾಣುವ ಪುಡಿ ಶುಚಿಯಾಗಿ ಕಂಡರೂ ಅದು ಸಂಪೂರ್ಣ ರೋಗಾಣುಮುಕ್ತವಲ್ಲ. ಈಗಿನ ತಯಾರಿಕಾ ವಿಧಾನದಲ್ಲಿ ಪುಡಿಯನ್ನು ಹಾಗೆ ಮಾಡಲು ಸಾಧ್ಯವೂ ಇಲ್ಲ. ಸಾಲ್ಮೊನೆಲ್ಲಾ ಹಾಗೂ ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸೇರಿಕೊಂಡಿರಬಹುದು. ಕ್ರೋನೊಬ್ಯಾಕ್ಟರ್ ಒಣಪುಡಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಬದುಕಿರಬಲ್ಲದು. ಉಗುರುಬೆಚ್ಚಗಿನ ನೀರು ಸೇರಿದೊಡನೆ ಅದಕ್ಕೆ ಬೇಕಾದ ತೇವ, ಸಕ್ಕರೆ, ಶಾಖ ಎಲ್ಲವೂ ಒದಗುತ್ತವೆ. ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತಾ ಹೋದರೆ ಒಂದು ಬ್ಯಾಕ್ಟೀರಿಯಾ ನಾಲ್ಕು ಗಂಟೆಯಲ್ಲಿ 256 ಆಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತ ಬಾಟಲಿಯಲ್ಲಿ ಈ ಬೆಳವಣಿಗೆ ಇನ್ನೂ ಚುರುಕು.

ಮಗು ಕುಡಿಯಲಾರಂಭಿಸಿದ ಮೇಲೆ ಇನ್ನೊಂದು ದಾರಿಯೂ ತೆರೆದುಕೊಳ್ಳುತ್ತದೆ. ನಿಪ್ಪಲ್ ಚೀಪುವಾಗ ಜೊಲ್ಲು ಬಾಟಲಿಯೊಳಗೆ ಹಿಂದಿರುಗುತ್ತದೆ. ಅದರೊಂದಿಗೆ ಬಾಯಿಯ ಬ್ಯಾಕ್ಟೀರಿಯಾಗಳೂ ಹಾಲಿಗಿಳಿಯುತ್ತವೆ. ಎಂಜಲು ಚಮಚವನ್ನು ಉಪ್ಪಿನಕಾಯಿ ಜಾಡಿಗೆ ಅದ್ದಿದರೆ ಏನಾಗುತ್ತದೆಂದು ನಮ್ಮ ಮನೆಗಳಿಗೆ ಗೊತ್ತು. ಉಪ್ಪು, ಹುಳಿ, ಖಾರದ ಕಾವಲಿಲ್ಲದ ಹಾಲು ಅದಕ್ಕಿಂತ ಬೇಗ ಕೆಡುತ್ತದೆ. ಹೀಗೆ ಉಳಿದದ್ದನ್ನು ಮತ್ತೆ ಕುದಿಸಿದರೂ ಪ್ರಯೋಜನವಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಸತ್ತರೂ ಅವು ಅಷ್ಟರೊಳಗೆ ಉಗುಳಿಟ್ಟ ಕೆಲವು ವಿಷಗಳು ಶಾಖಕ್ಕೆ ನಾಶವಾಗುವುದಿಲ್ಲ. ಹಳೆಯ ಹಾಲಿಗೆ ಹೊಸ ಹಾಲು ಬೆರೆಸಿದರಂತೂ ಇಡೀ ಬಾಟಲಿ ಹಳತಾದಂತೆಯೇ.

ಇದು ಪ್ರಯೋಗಾಲಯದ ಭಯವಲ್ಲ. 2001ರಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದ ಆಸ್ಪತ್ರೆಯೊಂದರ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಮಗುವೊಂದು ಮಿದುಳು ಪೊರೆಯ ಉರಿಯೂತದಿಂದ ಸತ್ತಿತು. ತನಿಖೆಯ ಜಾಡು ಹಾಲಿನ ಪುಡಿಯತ್ತ ಹೋಯಿತು. ಆ ಪ್ರಕರಣದ ನಂತರವೇ ಜಗತ್ತು ಕ್ರೋನೊಬ್ಯಾಕ್ಟರನ್ನು ಗಂಭೀರವಾಗಿ ಪರಿಗಣಿಸಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆಯೊಡಗೂಡಿ ಪುಡಿಹಾಲನ್ನು ಕಲಸುವ, ಇಡುವ, ಬಳಸುವ ಮಾರ್ಗಸೂಚಿ ಹೊರತಂದಿತು. ಕ್ರೋನೊಬ್ಯಾಕ್ಟರ್ ಸೋಂಕು ಅಪರೂಪ, ನಿಜ. ಆದರೆ ಎರಡು ತಿಂಗಳೊಳಗಿನ ಕೂಸುಗಳಿಗೆ, ಅವಧಿಗೆ ಮುನ್ನ ಹುಟ್ಟಿದವಕ್ಕೆ ತಗುಲಿದರೆ ಪ್ರಾಣಕ್ಕೇ ಕುತ್ತು. ಬದುಕುಳಿದ ಮಕ್ಕಳನ್ನೂ ನರಮಂಡಲದ ತೊಂದರೆಗಳು ಕಾಡಬಹುದು. ಸಾಧಾರಣ ವಾಂತಿ-ಭೇದಿ ಅಪರೂಪವೂ ಅಲ್ಲ, ನಾಲ್ಕು ಕಿಲೋ ತೂಗುವ ದೇಹಕ್ಕೆ ಅದು ಸಣ್ಣದೂ ಅಲ್ಲ.

ಮಾರ್ಗಸೂಚಿಯ ಸಾರ ಇಷ್ಟು. ನೀರನ್ನು ಕುದಿಸಿ, ಇಳಿಸಿ, ಅರ್ಧ ಗಂಟೆಯೊಳಗೆ ಪುಡಿ ಬೆರೆಸಬೇಕು. ಆಗ ನೀರಿನ ಶಾಖ 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಿರಬಾರದು. ಪುಡಿಯಲ್ಲಿರಬಹುದಾದ ರೋಗಾಣುಗಳನ್ನು ಕೊಲ್ಲುವುದು ಆ ಶಾಖವೇ. ನಂತರ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಬೇಗ ಆರಿಸಿ, ಮುಂಗೈ ಮೇಲೆ ಹನಿ ಬಿಟ್ಟು ನೋಡಿ ಕುಡಿಸಬೇಕು. ಕಲಸಿ ಎರಡು ಗಂಟೆ ದಾಟಿದ ಹಾಲು ಬೇಡ; ಮಗು ಕುಡಿಯಲು ಶುರು ಮಾಡಿದ್ದರೆ ಒಂದೇ ಗಂಟೆ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಮಗು ಮುಟ್ಟದ ಹಾಲನ್ನು ಮಾತ್ರ ಕಲಸಿದ ಕೂಡಲೇ ಆರಿಸಿ, ಐದು ಡಿಗ್ರಿಗಿಂತ ಹೆಚ್ಚಿಲ್ಲದ ಫ್ರಿಜ್ಜಿನಲ್ಲಿ 24 ಗಂಟೆಯವರೆಗೆ ಇಡಬಹುದು. ಇಡುವುದಾದರೆ ಫ್ರಿಜ್ಜಿನ ಒಳಗೆ, ಹಿಂಬದಿಯಲ್ಲಿ ಇಡಬೇಕು. ಬಾಗಿಲಿನ ಗೂಡು ಪ್ರತಿ ಸಲ ತೆರೆದಾಗಲೂ ಬೆಚ್ಚಗಾಗುತ್ತದೆ. ಮತ್ತೆ ಬೆಚ್ಚಗೆ ಮಾಡುವುದು ಬಿಸಿನೀರಿನ ಪಾತ್ರೆಯಲ್ಲಿ, ಅದೂ 15 ನಿಮಿಷ ಮೀರದಂತೆ. ಮೈಕ್ರೊವೇವ್ ಹಾಲನ್ನು ಒಂದೇ ಸಮನಾಗಿ ಕಾಯಿಸದ ಕಾರಣ ಬಾಯಿ ಸುಡುವ ಅಪಾಯವಿದೆ. ಕರೆಂಟು ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ ಹೀಗೆ ಇಡುವ ಆಲೋಚನೆಯನ್ನೇ ಬಿಡುವುದು ಮೇಲು.

ಇಷ್ಟು ಸ್ಪಷ್ಟವಾದ ನಿಯಮ ಮನೆಯಲ್ಲಿ ಮುರಿದುಬೀಳುವುದು ಏಕೆ? ಮೊದಲ ಕಾರಣ ದುಡ್ಡು. ನಾಲ್ಕು ಕಿಲೋ ತೂಕದ ಮಗುವಿಗೆ ಕಿಲೋಗೆ 150 ಮಿಲಿಯಂತೆ ದಿನಕ್ಕೆ ಸುಮಾರು 600 ಮಿಲಿ ಹಾಲು ಬೇಕು. 30 ಮಿಲಿ ನೀರಿಗೆ ಒಂದು ಅಳತೆ ಚಮಚದಂತೆ 20 ಚಮಚ, ಅಂದರೆ ಹೆಚ್ಚುಕಡಿಮೆ 90 ಗ್ರಾಂ ಪುಡಿ. 400 ಗ್ರಾಂ ಡಬ್ಬಿ ನಾಲ್ಕೂವರೆ ದಿನಕ್ಕೆ ಖಾಲಿ. ಡಬ್ಬಿಗೆ 400 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 2,700 ರೂಪಾಯಿ ಆಸುಪಾಸು ಬೇಕು. ದಿನಕ್ಕೆ ಎಂಟು ಸಲ, ಪ್ರತಿ ಸಲ ಒಂದು ಅಳತೆ ಚಮಚ ಪುಡಿಯ ಹಾಲು ಉಳಿದು ಚೆಲ್ಲಿದರೆ ತಿಂಗಳಿಗೆ ಸಾವಿರ ರೂಪಾಯಿಗೂ ಹೆಚ್ಚು ಮೋರಿಗೆ ಹೋದಂತೆ. ದಿನಗೂಲಿಯ ಮನೆಗೆ ಇದು ಹಲವು ದಿನಗಳ ದುಡಿಮೆ. ಒಂದು ಅಗುಳನ್ನೂ ಚೆಲ್ಲಬಾರದೆಂದು ಕಲಿತು ಬೆಳೆದ ಹೆಂಗಸು ಆ ಹಾಲನ್ನು ಮುಚ್ಚಿಟ್ಟರೆ ಅದನ್ನು ಅಜ್ಞಾನ ಎನ್ನುವುದು ಅನ್ಯಾಯ. ಆಕೆ ಮಾಡುತ್ತಿರುವುದು ಮಿತವ್ಯಯ. ಆ ಮಿತವ್ಯಯವನ್ನು ಸರಿಯಾದ ಕಡೆ ತಿರುಗಿಸುವ ಕೆಲಸ ಆಗಬೇಕು.

ಉಳಿತಾಯದ ಒತ್ತಡ ಇನ್ನೂ ಕೆಟ್ಟ ದಾರಿಯನ್ನೂ ತೋರಿಸುತ್ತದೆ. ಡಬ್ಬಿ ಎರಡು ದಿನ ಹೆಚ್ಚು ಬರಲಿ ಎಂದು ಪುಡಿ ಕಡಿಮೆ ಹಾಕಿ ನೀರು ಹೆಚ್ಚಿಸಿದರೆ ಮಗು ಹೊಟ್ಟೆ ತುಂಬ ಕುಡಿದೂ ಸೊರಗುತ್ತದೆ. ಇದು ಬಡ ದೇಶಗಳ ಕಥೆ ಮಾತ್ರವಲ್ಲ. 2022ರ ಫೆಬ್ರುವರಿಯಲ್ಲಿ ಅಬಾಟ್ ಕಂಪನಿಯು ಮಿಷಿಗನ್‌ನ ಸ್ಟರ್ಜಿಸ್‌ ಕಾರ್ಖಾನೆಯ ಹಾಲಿನ ಪುಡಿಯನ್ನು ಮಾರುಕಟ್ಟೆಯಿಂದ ಹಿಂಪಡೆದು ಉತ್ಪಾದನೆ ನಿಲ್ಲಿಸಿದಾಗ ಅಮೆರಿಕದ ಅಂಗಡಿಗಳ ಕಪಾಟುಗಳು ಬರಿದಾದವು. ಹಾಲಿಗೆ ನೀರು ಬೆರೆಸಬೇಡಿ, ಮನೆಯಲ್ಲೇ ಡಬ್ಬಿ ಹಾಲಿಗೆ ಬದಲಿ ತಯಾರಿಸಲು ಹೋಗಬೇಡಿ ಎಂದು ಅಲ್ಲಿನ ಮಕ್ಕಳ ವೈದ್ಯರು ಆಗ ಪದೇ ಪದೇ ಎಚ್ಚರಿಸಬೇಕಾಯಿತು. ಕೈಗೆಟುಕದಾದಾಗ ಯಾವ ದೇಶದ ತಾಯಿಯಾದರೂ ಹಾಲನ್ನು ಎಳೆದೆಳೆದು ಬಳಸುವ ಯೋಚನೆ ಮಾಡುತ್ತಾಳೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಎರಡನೆಯ ಕಾರಣ ಮೌನ. ನಮ್ಮಲ್ಲಿ 1992ರ ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ನಿಯಂತ್ರಣ ಕಾಯ್ದೆ ಜಾರಿಯಲ್ಲಿದೆ. 2003ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಡಬ್ಬಿ ಹಾಲಿನ ಜಾಹೀರಾತು, ಉಚಿತ ಮಾದರಿ, ಡಬ್ಬಿಯ ಮೇಲೆ ತಾಯಿ-ಮಗುವಿನ ಚಿತ್ರ, ಯಾವುದಕ್ಕೂ ಅವಕಾಶವಿಲ್ಲ. ಆಸ್ಪತ್ರೆಯನ್ನು ಪ್ರಚಾರದ ಅಂಗಳ ಮಾಡಿಕೊಳ್ಳುವಂತಿಲ್ಲ. ಜಗತ್ತಿನ ಅತ್ಯಂತ ಕಠಿಣ ಕಾಯ್ದೆಗಳಲ್ಲಿ ಒಂದೆನಿಸಿದ ಇದರ ಒಂದಕ್ಷರವನ್ನೂ ಸಡಿಲಿಸಬಾರದು. ಆದರೆ ಪ್ರಚಾರ ಬೇಡ ಎಂದಿರುವುದನ್ನು ಮಾತೇ ಬೇಡ ಎಂದು ಅರ್ಥ ಮಾಡಿಕೊಂಡಿರುವುದು ತೊಡಕಿನ ಮೂಲ. ವೈದ್ಯರು ಚೀಟಿಯಲ್ಲಿ ಪುಡಿಯ ಹೆಸರು ಬರೆದು ಕೊಡುತ್ತಾರೆ. ಕಲಸುವ ಬಗೆ ಹೇಳುವವರು ಔಷಧಿ ಅಂಗಡಿಯವರು, ಪಕ್ಕದ ಮನೆಯವರು ಅಥವಾ ಮೊಬೈಲಿನ ವಿಡಿಯೊ.

ಕಾಯ್ದೆ ಹೇಳುವುದು ಇದಕ್ಕೆ ತದ್ವಿರುದ್ಧ. ಆರೋಗ್ಯ ಕಾರ್ಯಕರ್ತರ ಹೊರತು ಬೇರೆ ಯಾರೂ ಈ ಹಾಲು ಕುಡಿಸುವುದನ್ನು ತಾಯಿಗೆ ತೋರಿಸಿಕೊಡಬಾರದು, ತೋರಿಸಿಕೊಡುವವರು ತಪ್ಪು ಬಳಕೆಯ ಅಪಾಯಗಳನ್ನೂ ಸ್ಪಷ್ಟವಾಗಿ ವಿವರಿಸಬೇಕು ಎಂಬುದು ಅದರ ನಿಲುವು. ಎದೆಹಾಲಿನ ಬದಲಿಗಳ ಮಾರಾಟ ಕುರಿತ 1981ರ ಅಂತರರಾಷ್ಟ್ರೀಯ ಸಂಹಿತೆಯೂ ಅಗತ್ಯವಿರುವ ಕುಟುಂಬಗಳಿಗೆ ಮಾತ್ರ ಹೀಗೆ ಕಲಿಸಬೇಕೆಂದು ಹೇಳುತ್ತದೆ. ಅಂದರೆ ಅವಳಿ ಮಕ್ಕಳ ತಾಯಿಗೆ, ದತ್ತು ಪಡೆದ ದಂಪತಿಗೆ, ತಾಯಿಯನ್ನು ಕಳೆದುಕೊಂಡ ಕೂಸನ್ನು ಸಾಕುವ ಅಜ್ಜಿಗೆ, ಕಾಯಿಲೆಯ ಕಾರಣ ಹಾಲೂಡಿಸಲಾಗದ ಬಾಣಂತಿಗೆ ಇದನ್ನು ಕಲಿಸುವುದು ಉಪಕಾರವಲ್ಲ, ಕರ್ತವ್ಯ. ಕಲಿಸಿದರೆ ಡಬ್ಬಿ ಹಾಲಿಗೆ ಮಾನ್ಯತೆ ಸಿಕ್ಕಂತಾಗುತ್ತದೆ ಎಂಬ ಸ್ತನ್ಯಪಾನ ಪರ ಕಾರ್ಯಕರ್ತರ ಆತಂಕ ಸುಮ್ಮನೆ ಹುಟ್ಟಿದ್ದಲ್ಲ; ಕಂಪನಿಗಳ ಹಳೆಯ ಆಟಗಳನ್ನು ಕಂಡವರ ಮಾತದು. ಆದರೆ ದಿನಕ್ಕೆ ಎಂಟು ಸಲ ನೀರು ಕಾಯಿಸಬೇಕು, ಉಳಿದದ್ದನ್ನು ಚೆಲ್ಲಬೇಕು, ತಿಂಗಳಿಗೆ ಇಷ್ಟು ಖರ್ಚು ಎಂದು ಬಿಡಿಸಿ ಹೇಳಿದಾಗ ಡಬ್ಬಿಯ ಆಕರ್ಷಣೆ ಹೆಚ್ಚುವುದಿಲ್ಲ, ಕುಗ್ಗುತ್ತದೆ. ಎದೆಹಾಲು ಇದ್ದೂ ಡಬ್ಬಿಯತ್ತ ವಾಲಿದವರು ಮರುಯೋಚಿಸಲು ಈ ಲೆಕ್ಕವೇ ನೆಪವಾದೀತು.

ಮೂರನೆಯ ಕಾರಣ ಭಾಷೆ. ಆಹಾರದ ಲೇಬಲ್‌ನ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು, ಜತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ ಎನ್ನುತ್ತವೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳು. ಅಡ್ಡಿಯಿಲ್ಲ ಎಂದರೆ ಕಡ್ಡಾಯವೂ ಅಲ್ಲ. ಬಿಸ್ಕತ್ತಿನ ಪೊಟ್ಟಣದಲ್ಲಿ ಕನ್ನಡ ಇಲ್ಲದಿದ್ದರೆ ಅದು ಸ್ವಾಭಿಮಾನದ ಪ್ರಶ್ನೆ. ಎಳೆಗೂಸಿನ ಹಾಲಿನ ಡಬ್ಬಿಯಲ್ಲಿ ಇಲ್ಲದಿದ್ದರೆ ಅದು ಜೀವದ ಪ್ರಶ್ನೆ. ಉಳಿದದ್ದನ್ನು ಚೆಲ್ಲಿ ಎಂಬ ಸಾಲು ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಹುದುಗಿದ್ದರೆ ಹಗರಿಬೊಮ್ಮನಹಳ್ಳಿಯ ಬಾಣಂತಿ ಅದನ್ನು ಓದುವುದು ಹೇಗೆ? ಲೇಬಲ್ಲುಗಳ ಹೂರಣವೂ ಪರಿಶೀಲನೆಗೆ ಒಳಗಾಗಬೇಕು. ಕುದಿಸಿದ ನೀರನ್ನು ಉಗುರುಬೆಚ್ಚಗಾಗುವವರೆಗೆ ಆರಿಸಿ ಪುಡಿ ಬೆರೆಸಿ ಎನ್ನುವ ಸೂಚನೆಗೂ 70 ಡಿಗ್ರಿ ಎನ್ನುವ ಮಾರ್ಗಸೂಚಿಗೂ ಹೊಂದಾಣಿಕೆಯಿಲ್ಲ. ಎರಡು ತಿಂಗಳೊಳಗಿನ ಮಕ್ಕಳ ವಿಷಯದಲ್ಲಾದರೂ ಈ ಗೊಂದಲಕ್ಕೆ ಪ್ರಾಧಿಕಾರ ತೆರೆ ಎಳೆಯಬೇಕು.

ಹಾಗಾದರೆ ಮನೆಯವರು ಮಾಡಬೇಕಾದದ್ದೇನು? ಉಳಿದದ್ದನ್ನು ಉಳಿಸಿಕೊಳ್ಳುವ ಉಪಾಯ ಹುಡುಕುವ ಬದಲು ಉಳಿಯದಂತೆ ಕಲಸುವುದೇ ನಿಜವಾದ ಉಳಿತಾಯ. ಮಗು ಒಮ್ಮೊಮ್ಮೆ 90 ಮಿಲಿ ಕುಡಿಯುತ್ತದೆ, ಒಮ್ಮೊಮ್ಮೆ 60ಕ್ಕೇ ಮುಖ ತಿರುಗಿಸುತ್ತದೆ ಎಂದಾದರೆ ಮೊದಲು ಎರಡು ಚಮಚದ 60 ಮಿಲಿ ಕಲಸಿ. ಇನ್ನೂ ಹಸಿವಿದ್ದರೆ ಮತ್ತೊಂದು ಚಮಚದ 30 ಮಿಲಿ. ಬಿಸಿನೀರು ಒಳ್ಳೆಯ ಫ್ಲಾಸ್ಕಿನಲ್ಲಿ ಸಿದ್ಧವಿದ್ದರೆ ಇದು ಎರಡು ನಿಮಿಷದ ಕೆಲಸ. ಪ್ರಯಾಣದಲ್ಲೂ ಕಲಸಿದ ಹಾಲನ್ನು ಒಯ್ಯುವ ಬದಲು ಬಿಸಿನೀರನ್ನೂ ಒಣ ಡಬ್ಬಿಯಲ್ಲಿ ಅಳೆದಿಟ್ಟ ಪುಡಿಯನ್ನೂ ಬೇರೆ ಬೇರೆ ಒಯ್ಯಬೇಕು. ಬಾಟಲಿಗಿಂತ ಒಳಲೆ ಅಥವಾ ಪುಟ್ಟ ಬಟ್ಟಲು ಒಳ್ಳೆಯದು. ಸಂದಿಗೊಂದಿ ಇಲ್ಲದ್ದರಿಂದ ತೊಳೆದು ಕುದಿಸುವುದು ಸುಲಭ, ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಕುಡಿಸುವುದೂ ಸುಲಭ. ಪುಡಿಯ ಡಬ್ಬಿಗೆ ತೆರೆದ ದಿನಾಂಕ ಬರೆದಿಡಬೇಕು. ತಿಂಗಳೊಳಗೆ, ಲೇಬಲ್ ಅದಕ್ಕಿಂತ ಕಡಿಮೆ ಅವಧಿ ಹೇಳಿದ್ದರೆ ಅಷ್ಟರೊಳಗೆ, ಮುಗಿಸಬೇಕು. ಒಬ್ಬರ ಮನೆಯಲ್ಲಿ ಅರ್ಧ ಬಳಸಿದ ಡಬ್ಬಿಯನ್ನು ಇನ್ನೊಂದು ಕೂಸಿಗೆ ದಾಟಿಸುವುದು ಬೇಡ.

ಸರ್ಕಾರ ಮಾಡಬೇಕಾದದ್ದಕ್ಕೆ ಹೊಸ ಇಲಾಖೆಯಾಗಲಿ ಯೋಜನೆಯಾಗಲಿ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ಹೋಗಬೇಕೆಂಬ ನಿಯಮ ಈಗಾಗಲೇ ಇದೆ. ಪುಡಿಹಾಲಿನ ಸೋಂಕಿಗೆ ಮಗು ಅತಿ ಹೆಚ್ಚು ತುತ್ತಾಗಬಹುದಾದ ಅವಧಿಯೂ ಬಹುಪಾಲು ಅದೇ. ಡಬ್ಬಿ ಹಾಲು ಬಳಸುತ್ತಿರುವ ಮನೆಯಲ್ಲಿ ಆಕೆ ಒಮ್ಮೆ ಕಣ್ಣೆದುರೇ ಕಲಸಿಸಿ ನೋಡಿದರೆ ತಪ್ಪುಗಳು ಅಲ್ಲೇ ತಿಳಿಯುತ್ತವೆ. ಚೀಟಿ ಬರೆಯುವ ಆಸ್ಪತ್ರೆ, ಬಿಡುಗಡೆಗೆ ಮುನ್ನ ಐದು ನಿಮಿಷ ಕೊಟ್ಟು ಕನ್ನಡದ ಒಂದು ಪುಟವನ್ನು ಕೈಗಿಡಬೇಕು. ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಕೂಡದು. ಕೆಲಸಕ್ಕೆ ಮರಳುವ ತಾಯಂದಿರ ವಿಷಯಕ್ಕೆ ಬಂದರೆ, 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು ಎಂದಿತು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ. ಆ ನಿಯಮ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಿಜಕ್ಕೂ ಜಾರಿಯಾದರೆ ಎಷ್ಟೋ ಮಕ್ಕಳಿಗೆ ಡಬ್ಬಿಯ ಅಗತ್ಯವೇ ಬೀಳದು. ಬಿದ್ದರೂ ಅಲ್ಲಿ ಬಿಸಿನೀರು, ಫ್ರಿಜ್ಜು, ತರಬೇತಿ ಪಡೆದ ಆಯಾ ಇರುತ್ತಾರೆ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನು ಮಾತ್ರ ಕುಡಿಯುವವರು ದೇಶದಲ್ಲಿ ಶೇ 64ರಷ್ಟು. ಆ ಪ್ರಮಾಣ ಏರಲೇಬೇಕು. ಮುಂಬೈಯ ಸಯನ್ ಆಸ್ಪತ್ರೆ 1989ರಲ್ಲೇ ಆರಂಭಿಸಿದಂಥ ಎದೆಹಾಲಿನ ಬ್ಯಾಂಕುಗಳು ಪ್ರತಿ ಜಿಲ್ಲೆಗೂ ಬರಬೇಕು. ಆದರೆ ಅವು ಬರುವವರೆಗೆ, ಬಂದ ಮೇಲೂ, ಡಬ್ಬಿ ಹಾಲನ್ನೇ ಕುಡಿದು ಬೆಳೆಯುವ ಮಕ್ಕಳು ಇದ್ದೇ ಇರುತ್ತಾರೆ. ಎದೆಹಾಲಿನ ಹಿರಿಮೆಯನ್ನು ಸಾರುವ ಭರದಲ್ಲಿ ಈ ಮಕ್ಕಳ ಸುರಕ್ಷತೆಯನ್ನು ತಾಯಂದಿರ ಅಂದಾಜಿಗೆ ಬಿಟ್ಟುಬಿಡುವುದು ಸಾರ್ವಜನಿಕ ಆರೋಗ್ಯ ನೀತಿಗೆ ಒಪ್ಪುವ ಮಾತಲ್ಲ. ಉಳಿದ ಹಾಲನ್ನು ಚೆಲ್ಲಿ ಎಂದು ತಾಯಿಗೆ ಹೇಳುವ ಹಕ್ಕು ಇರುವುದು ಉಳಿಯದಂತೆ ಕಲಸುವುದನ್ನು ಆಕೆಗೆ ಆಕೆಯ ಭಾಷೆಯಲ್ಲಿ ಕಲಿಸಿದ ವ್ಯವಸ್ಥೆಗೆ ಮಾತ್ರ.