ಭಯಕ್ಕೆ ಅಳತೆ ಬೇಕು

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಮನೆ, ತೋಟ, ರಸ್ತೆಗಳ ಸಮೇತ ಜಾರಿದವು. ಅಂದಿನಿಂದ ಕೊಡಗಿನ ಎಷ್ಟೋ ಮನೆಗಳಲ್ಲಿ ರಾತ್ರಿ ಮಳೆ ಬಿರುಸಾದರೆ ಯಾರೋ ಒಬ್ಬರು ಎದ್ದು ಕೂರುತ್ತಾರೆ. ಅವರಿಗೆ ‘ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ’ ಅನ್ನುವುದು ಸುಲಭ. ಆದರೆ 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2024ರ ಜುಲೈ ತಿಂಗಳೊಂದರಲ್ಲೇ ಶಿರೂರು, ವಯನಾಡು ಎರಡೂ ಕಡೆ ಗುಡ್ಡ ಕುಸಿಯಿತು. ಆ ಭಯ ಕಾಯಿಲೆಯಲ್ಲ, ಕಣ್ಣಾರೆ ಕಂಡದ್ದರ ತಿಳಿವಳಿಕೆ. ಅದನ್ನು ಸಮಾಧಾನದ ಮಾತಿನಿಂದ ಅಳಿಸಹೊರಡುವುದು ತಪ್ಪೆಂದೇ ನನ್ನ ವಾದ.

ಗುಡ್ಡದ ಕೆಳಗಿಲ್ಲದವರಿಗೂ ಈ ಕಳವಳವಿದೆ. 2021ರಲ್ಲಿ ಭಾರತವೂ ಸೇರಿ ಹತ್ತು ದೇಶಗಳ ಹತ್ತು ಸಾವಿರ ಯುವಜನರನ್ನು ಹವಾಮಾನ ಬದಲಾವಣೆಯ ಬಗ್ಗೆ ಕೇಳಿದಾಗ, ಭವಿಷ್ಯ ನೆನೆದರೆ ಭಯವಾಗುತ್ತದೆ ಎಂದವರು ನೂರಕ್ಕೆ ಎಪ್ಪತ್ತೈದು. ಒಬ್ಬೊಬ್ಬರೇ ಮೊಬೈಲ್ ಹಿಡಿದು ಹಿಮನದಿ ಕರಗುವುದನ್ನು ನೋಡುತ್ತ ಕೂತರೆ ಭಯ ಬೆಳೆಯುತ್ತದೆ, ಕೈಗಳು ಮಾತ್ರ ಖಾಲಿ.

‘ಹವಾಮಾನ ಬದಲಾವಣೆ’ ಎಂಬ ಮಾತೇ ಹಾಗೆ, ಇಡಿಯಾಗಿ ಎತ್ತಲು ಹೋದರೆ ಯಾರಿಗೂ ಆಗದು. ಬಿಡಿಸಿ ನೋಡಬೇಕು. ಕಡಿಮೆ ದಿನಗಳಲ್ಲಿ ಹೆಚ್ಚು ಮಳೆ ಸುರಿಯುವುದು ಬಿಸಿಯಾಗುತ್ತಿರುವ ಸಮುದ್ರದ, ಗಾಳಿಯ ಪಾಲು. ಅದಕ್ಕೆ ಹೊಣೆ ಜಗತ್ತಿನ ಕಲ್ಲಿದ್ದಲು, ಎಣ್ಣೆ. ಆದರೆ ಗುಡ್ಡದ ಬುಡವನ್ನು ನೆಟ್ಟಗೆ ಕಡಿದದ್ದು, ನೀರು ಹರಿಯುವ ದಾರಿಗೆ ಮಣ್ಣು ತುಂಬಿದ್ದು, ಇಳಿಜಾರಿನಲ್ಲಿ ಕಟ್ಟಡ ಎಬ್ಬಿಸಿದ್ದು ಜೆಸಿಬಿಯ ಪಾಲು. ಇದನ್ನು ಪಂಚಾಯಿತಿಯಲ್ಲಿ ನಿಂತು ಕೇಳಬಹುದು, ತಡೆಯಲೂಬಹುದು. 1983ರಲ್ಲಿ ಶಿರಸಿ ಸೀಮೆಯ ಜನ ಮರಗಳನ್ನು ಅಪ್ಪಿಕೊಂಡು ನಿಂತಾಗ ಅವರಿಗೂ ಭಯವಿತ್ತು, ಕಾಡು ಹೋದರೆ ನೀರೂ ಹೋದೀತೆಂದು. ಆ ಭಯ ಅವರನ್ನು ಒಟ್ಟಿಗೆ ತಂದಿತು.

ಇಷ್ಟರಿಂದ ಭೂಮಿಯ ಬಿಸಿ ಇಳಿಯುತ್ತದೆಯೇ? ಇಲ್ಲ. ಹಾಗೆಂದು ನಂಬಿಸುವುದೂ ಮೋಸವೇ. ಊರಿನ ಕೆಲಸದ ಜತೆಗೆ ದೊಡ್ಡವರ ಹೊಗೆಯ ಲೆಕ್ಕವನ್ನೂ ಕೇಳುತ್ತಿರಬೇಕು. ಇನ್ನು, ನಿದ್ದೆ ಊಟ ಬಿಡುವಷ್ಟು ಭಯ ಕಾಡಿದರೆ ವೈದ್ಯರ ನೆರವು ಬೇಕೇ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಸಂಕೋಚ ಬೇಡ.

ಕಾಫಿ ತೋಟದ ಹಳೆಯ ಮನೆಗಳಲ್ಲಿ ದಿನದ ಮಳೆಯನ್ನು ಅಳೆದು ಇಂಚಿನ ಲೆಕ್ಕದಲ್ಲಿ ಬರೆದಿಡುವ ರೂಢಿಯಿದೆ. ಕಾಫಿ ಅರಳಿಸುವ ಹೂಮಳೆ ಯಾವಾಗ ಬಿತ್ತು, ಯಾವ ವರ್ಷ ಆಷಾಢ ಒಣಗಿತ್ತು, ಎಲ್ಲ ಅಲ್ಲಿದೆ. ಆ ಪುಸ್ತಕಗಳನ್ನು ನೆರೆಹೊರೆಯವರು ಒಂದೆಡೆ ಕೂತು ಓದಲಿ. ಎಷ್ಟು ಇಂಚಿಗೆ ಯಾವ ಇಳಿಜಾರು ಸಡಿಲವಾಗುತ್ತದೆ, ಯಾವ ಮನೆಯವರು ಮೊದಲು ಹೊರಡಬೇಕು, ರಾತ್ರಿ ಯಾರು ಯಾರ ಬಾಗಿಲು ತಟ್ಟಬೇಕು ಎಂದು ಮಳೆಗಾಲಕ್ಕೆ ಮುಂಚೆಯೇ ಮಾತಾಡಿಕೊಳ್ಳಲಿ. ಆಗಲೂ ಮಳೆಯ ಸದ್ದಿಗೆ ಎಚ್ಚರವಾದೀತು. ಆದರೆ ಎದ್ದವರಿಗೆ ಯಾವ ಬಾಗಿಲಿಗೆ ಹೋಗಬೇಕೆಂದು ಗೊತ್ತಿರುತ್ತದೆ.